ಮಹೀಂದ್ರ ಹಳೆ ಪಿಕಪ್ ಮನೇಲೇ ರೆಡಿ ಮಾಡೋದು: ಮೊದಲು ಎಂಜಿನ್ನಾ, ಚಾಸಿನಾ?

ಗುಬ್ಬಿಗೇಟ್:
ಎಲ್ಲರಿಗೂ ನಮಸ್ಕಾರ. ಗಾಡಿ 1988ರ ಮಹೀಂದ್ರ ಪಿಕಪ್, ಪ್ಯೂಜೋ 2112 ಸಿಸಿ ಡೀಸೆಲ್ ಎಂಜಿನ್. ಕೆಲವು ವರ್ಷದಿಂದ ತೆಂಗಿನ ತೋಟದ ಶೆಡ್‌ನಲ್ಲಿ ನಿಂತಿದೆ. ಎಂಜಿನ್ ಜಾಮ್, ಬ್ರೇಕ್ ಪೆಡಲ್ ಸೀದಾ ಕೆಳಗೆ ಹೋಗುತ್ತೆ, ಡ್ರೈವರ್ ಕಾಲಡಿಯ ತಗಡು ತೂತು. ಅಪ್ಪ, ತಮ್ಮ, ನಾನು ಸೇರಿ ಭಾನುವಾರಗಳಲ್ಲಿ ಮಾಡೋಣ ಅಂತಿದ್ದೀವಿ. ಮೊದಲು ಎಂಜಿನ್ ಸ್ಟಾರ್ಟ್ ಮಾಡಿ ನೋಡೋದಾ? ಕ್ಯಾಬಿನ್ ಪೂರ್ತಿ ಎತ್ತಲೇಬೇಕಾ?

ಚಿಂತಾಮಣಿ ಟಿಂಕರಿಂಗ್:
ಎಂಜಿನ್ ಕಾಯಲಿ, ಮೊದಲು ಚಾಸಿ, ಅಂದ್ರೆ ಗಾಡಿ ಭಾರ ಹೊರೋ ಕಬ್ಬಿಣದ ಚೌಕಟ್ಟು ನೋಡಿ. ಚಾಸಿ ಹೋಗಿದ್ರೆ ಎಂಜಿನ್‌ಗೆ ಹಾಕಿದ ದುಡ್ಡು ನೀರಿಗೆ ಹಾಕಿದ ಹಾಗೆ. ಕ್ಯಾಬಿನ್ ಬಿಡಿ, ಹಿಂದಿನ ಲೋಡ್ ಬಾಡಿ ಮಾತ್ರ ಇಳಿಸಿ. ಚೈನ್ ಪುಲ್ಲಿಯನ್ನ ಕಬ್ಬಿಣದ ಮೂರು ಕಾಲಿನ ಸ್ಟ್ಯಾಂಡಿಗೆ ಕಟ್ಟಿ, ಶೆಡ್ಡಿನ ಪೈಪಿಗಂತೂ ಬೇಡ. ಗಾಡಿ ಕೆಳಗೆ ಜಾಕ್ ಸ್ಟ್ಯಾಂಡ್ ಇಡಿ. ಹಾಲೋ ಬ್ಲಾಕ್ ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತೆ, ಅದರ ಮೇಲೆ ನಿಲ್ಲಿಸಿದ ಗಾಡಿ ಕೆಳಗೆ ಯಾರನ್ನೂ ನುಗ್ಗೋಕೆ ಬಿಡಬೇಡಿ.

ಸುತ್ತಿಗೇಲಿ ಚಾಸಿ ಉದ್ದಕ್ಕೂ ಬಡಿದುಕೊಂಡು ಹೋಗಿ. ಗಟ್ಟಿ ಇದ್ರೆ ಟಣ್ ಅನ್ನುತ್ತೆ, ಒಳಗೆ ತುಕ್ಕು ತಿಂದಿದ್ರೆ ಮಂದ ಸದ್ದು. ಹಿಂದಿನ ಪಟ್ಟಿ ಸ್ಪ್ರಿಂಗ್ ನೇತುಹಾಕಿರೋ ಕಡೆ ಮತ್ತು ಅಡ್ಡ ಮೆಂಬರ್ ಕೂಡೋ ಮೂಲೆಗಳನ್ನ ಚೆನ್ನಾಗಿ ನೋಡಿ. ಯೂರಿಯಾ, ಡಿಎಪಿ ಮೂಟೆ ಸಾಗಿಸಿದ ಗಾಡಿ ಆದ್ರೆ ಉಳಿದ ಪುಡಿ ತೇವ ಹೀರಿಕೊಂಡು ಅಲ್ಲೇ ಕೂತು ತಿಂದಿರುತ್ತೆ. ಚಾಸಿ ನಂಬರ್ ಪಂಚ್ ಆಗಿರೋ ಜಾಗಕ್ಕೆ ಗ್ರೈಂಡರ್ ಸೋಕಿಸಲೇಬೇಡಿ, ವೈರ್ ಬ್ರಷ್ ಸಾಕು.

ಕ್ಯಾಬಿನ್ ನೆಲಕ್ಕೆ 18 ಗೇಜ್ ತಗಡು, ಲೋಡ್ ಬಾಡಿಗೆ 16 (ಗೇಜ್ ನಂಬರ್ ಕಡಿಮೆ ಆದಷ್ಟು ತಗಡು ದಪ್ಪ). ತುಕ್ಕಿನ ಮೇಲೆ ತೇಪೆ ಹಾಕಬೇಡಿ, ಹೊಳೆಯೋ ಲೋಹ ಸಿಗೋವರೆಗೆ ಕತ್ತರಿಸಿ. ಸಾದಾ ಆರ್ಕ್ ವೆಲ್ಡಿಂಗ್ ಈ ತಗಡನ್ನ ಸುಟ್ಟು ತೂತು ಮಾಡುತ್ತೆ. ವೈರ್ ತಾನೇ ಬರೋ ಮಿಗ್ ವೆಲ್ಡಿಂಗ್ ಮೆಷಿನ್ ಬಾಡಿಗೆಗೆ ತನ್ನಿ, 0.8 ಎಂಎಂ ವೈರ್. ಒಂದೇ ಸಮ ಎಳೆದ್ರೆ ತಗಡು ಬಿಸಿಗೆ ಸೊಟ್ಟಗಾಗುತ್ತೆ. ಈ ತುದಿಗೊಂದು ಟ್ಯಾಕ್ (ಚುಕ್ಕೆ ವೆಲ್ಡ್), ಆ ತುದಿಗೊಂದು ಟ್ಯಾಕ್ ಹಾಕ್ತಾ ಬನ್ನಿ. ಶುರು ಮಾಡೋಕೆ ಮುಂಚೆ ಬ್ಯಾಟರಿ ಕಳಚಿ, ಡೀಸೆಲ್ ಟ್ಯಾಂಕ್ ಬಿಚ್ಚಿ ದೂರ ಇಡಿ. ಖಾಲಿ ಟ್ಯಾಂಕಿಗೂ ಮನೇಲಿ ವೆಲ್ಡಿಂಗ್ ಮುಟ್ಟಿಸಬೇಡಿ, ಒಳಗಿನ ಆವಿ ಸಿಡಿಯುತ್ತೆ.

ತಿಪಟೂರು ಡೀಸೆಲ್:
ಜಾಮ್ ಆಗಿರೋ ಎಂಜಿನ್‌ಗೆ ಸೆಲ್ಫ್ ಹೊಡೀಬೇಡಿ, ಗಾಡಿ ಎಳೆದು ಗೇರಿಗೆ ಹಾಕೋದಂತೂ ಬೇಡವೇ ಬೇಡ. ಪಿಸ್ಟನ್ ರಿಂಗ್ ತುಕ್ಕು ಹಿಡಿದು ಸಿಲಿಂಡರಿನ ಒಳಗೋಡೆಗೆ ಅಂಟಿರುತ್ತೆ, ಬಲವಂತ ಮಾಡಿದ್ರೆ ಮುರಿಯುತ್ತೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋ ನಾಲ್ಕೂ ಇಂಜೆಕ್ಟರ್ ಬಿಚ್ಚಿ, ಡೀಸೆಲ್ಲು, ಎಂಜಿನ್ ಆಯಿಲ್ಲು ಸಮ ಬೆರೆಸಿ ಒಂದೊಂದು ಸಿಲಿಂಡರಿಗೂ 20 ಎಂಎಲ್ ಬಿಡಿ. ಎರಡು ಮೂರು ದಿನ ನೆನೀಲಿ. ಆಮೇಲೆ ನ್ಯೂಟ್ರಲ್‌ನಲ್ಲಿಟ್ಟು ಕ್ರ್ಯಾಂಕ್ ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ. ಬಿಡ್ತು ಅಂದಮೇಲೆ, ಇಂಜೆಕ್ಟರ್ ಇಲ್ಲದೇ ಸೆಲ್ಫ್ ಹೊಡೆದು ಒಳಗಿನ ಎಣ್ಣೆ ಆಚೆ ಚಿಮ್ಮಿಸಿ. ಎಣ್ಣೆ ಉಳಿದ್ರೆ ಪಿಸ್ಟನ್‌ಗೆ ಅದನ್ನ ಅಮುಕೋಕಾಗಲ್ಲ, ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತೆ. ಚಿಮ್ಮೋವಾಗ ಎದುರಿಗೆ ಯಾರೂ ನಿಲ್ಲಬಾರದು.

ಇಂಜೆಕ್ಟರ್‌ಗಳನ್ನ ಡೀಸೆಲ್ ಪಂಪ್ ರಿಪೇರಿ ಅಂಗಡೀಲಿ ಟೆಸ್ಟ್ ಮಾಡಿಸಿ. ಹಳೇ ಡೀಸೆಲ್ ಪೂರ್ತಿ ಚೆಲ್ಲಿ, ಟ್ಯಾಂಕಿನ ತಳದ ಕಪ್ಪು ಲೋಳೆ ತೊಳೆದು, ಫಿಲ್ಟರ್, ಎಂಜಿನ್ ಆಯಿಲ್ ಬದಲಾಯಿಸಿ. ಹ್ಯಾಂಡ್ ಪಂಪ್ ಒತ್ತುತ್ತಾ ಫಿಲ್ಟರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲೋವರೆಗೆ ಏರ್ ತೆಗೀರಿ.

ಮೊದಲ ಸ್ಟಾರ್ಟಿಗೆ ತಮ್ಮನ ಕೈಗೆ ಒಂದು ಚಪ್ಪಟೆ ಹಲಗೆ ಕೊಟ್ಟು ಗಾಳಿ ಎಳೆಯೋ ಬಾಯಿ ಪಕ್ಕ ನಿಲ್ಲಿಸಿ. ಎಂಜಿನ್ ರೇಸ್ ಏರಿ ಆಫ್ ಆಗದೇ ಹೋದ್ರೆ ಆ ಬಾಯಿ ಮುಚ್ಚಬೇಕು. ಬಟ್ಟೆ, ಅಂಗೈ ಇಡಬಾರದು, ಒಳಗೆಳೆದುಕೊಳ್ಳುತ್ತೆ.

ಗುಬ್ಬಿಗೇಟ್:
ತುಂಬಾ ಥ್ಯಾಂಕ್ಸ್ ಅಣ್ಣ. ಬ್ರೇಕಿಗೆ ಬರೀ ಆಯಿಲ್ ಹಾಕಿ ಏರ್ ತೆಗೆದ್ರೆ ಸಾಕಾ? ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮುಗಿದು ವರ್ಷಗಳಾಗಿದೆ, ಅದಕ್ಕೇನು ಮಾಡೋದು?

ಮಾಲೂರು ಬ್ರೇಕ್:
ಸಾಕಾಗಲ್ಲ. ನಿಂತ ಗಾಡೀಲಿ, ಚಕ್ರದಲ್ಲಿ ಬ್ರೇಕ್ ಒತ್ತೋ ವೀಲ್ ಸಿಲಿಂಡರ್ ಒಳಗೆ ತುಕ್ಕಿನ ಚುಕ್ಕೆ ಬಿದ್ದಿರುತ್ತೆ, ಅದು ಹೊಸ ರಬ್ಬರನ್ನೂ ಕೊಯ್ಯುತ್ತೆ. ಬಿಚ್ಚಿ ಬೆರಳಾಡಿಸಿ ನೋಡಿ. ಉಗುರಿಗೆ ಸಿಕ್ಕಿದ್ರೆ ಸಿಲಿಂಡರೇ ಬದಲಾಯಿಸಿ, ನುಣ್ಣಗಿದ್ರೆ ರಬ್ಬರ್ ಕಿಟ್ ಸಾಕು. ಪೆಡಲ್ ತಳ್ಳೋ ಮಾಸ್ಟರ್ ಸಿಲಿಂಡರಿಗೂ ಇದೇ ಮಾತು. ರಬ್ಬರನ್ನ ಪೆಟ್ರೋಲ್, ಡೀಸೆಲಲ್ಲಿ ತೊಳೆದ್ರೆ ಉಬ್ಬುತ್ತೆ, ಬ್ರೇಕ್ ಆಯಿಲಲ್ಲೇ ತೊಳೀರಿ. ಹೋಸ್ ಪೈಪುಗಳು ಹೊಸದೇ ಆಗಲಿ. ಡ್ರಮ್ಮಿನ ಧೂಳು ಊದಬೇಡಿ, ಹಳೇ ಬ್ರೇಕ್ ಲೈನರಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೇಲಿ ಒರೆಸಿ.

ಏರ್ ತೆಗೆಯೋಕೆ ಸೀಲ್ ಒಡೆಯದ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ತನ್ನಿ. ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ, ಹೀಗೆ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಹತ್ತಿರದ್ದಕ್ಕೆ ಬನ್ನಿ. ಅಪ್ಪ ಪೆಡಲ್ ಒತ್ತಿ ಹಿಡಿದು "ಹಿಡಿದೆ" ಅಂದಾಗ ನೀವು ಆ ಚಕ್ರದ ಏರ್ ತೆಗೆಯೋ ನಿಪ್ಪಲ್ ಸಡಿಲಿಸಿ. ಮುಚ್ಚಿ "ಬಿಡಿ" ಅನ್ನೋವರೆಗೂ ಅವರು ಕಾಲೆತ್ತಬಾರದು, ಎತ್ತಿದ್ರೆ ಮತ್ತೆ ಗಾಳಿ ಸೇರುತ್ತೆ. ತಮ್ಮನಿಗೆ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗದಂತೆ ನೋಡೋ ಕೆಲಸ.

ಹಳದಿ ಬೋರ್ಡಿಗೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ. 2021ರ ವಿಂಟೇಜ್ ನಿಯಮ 50 ವರ್ಷ ದಾಟಿದ, ಬಾಡಿಗೆಗೆ ಓಡದ ವಾಹನಗಳಿಗೆ, ನಿಮ್ಮದಕ್ಕೆ ಬರಲ್ಲ. ತಗಡು ತರೋಕೆ ಮುಂಚೆ ಆರ್‌ಸಿ ಹಿಡಿದು ತುಮಕೂರು ಆರ್‌ಟಿಒದಲ್ಲಿ ಬಾಕಿ ತೆರಿಗೆ ಎಷ್ಟಿದೆ ವಿಚಾರಿಸಿ.

ತಿಪಟೂರು ಡೀಸೆಲ್:
ಇನ್ನೊಂದು, ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ. ನಮ್ಮ ಕಡೆ ನೀರು ಗಡುಸು, ಪಾತ್ರೇಲಿ ಕಟ್ಟೋ ಬಿಳಿ ಪೊರೆ ಎಂಜಿನ್ ಬ್ಲಾಕ್ ಒಳಗೂ ಕಟ್ಟಿ ಎಂಜಿನ್ ಬಿಸಿಯಾಗುತ್ತೆ. ಬ್ಲಾಕಿನ ಡ್ರೈನ್ ಪ್ಲಗ್ ಬಿಚ್ಚಿ ಕೆಸರು ತೊಳೆದು, ಕೂಲೆಂಟಿಗೆ ಡಿಸ್ಟಿಲ್ಡ್ ನೀರು ಬೆರೆಸಿ ತುಂಬಿ.