ವ್ಯಾಯಾಮ ಮಾಡಿದರೆ ಊಟ ಅರಗಿಸುವಾಗಲೂ ಹೆಚ್ಚು ಕ್ಯಾಲೊರಿ ಖರ್ಚಾಗುತ್ತದೆಯೇ? ತಿಳಿದವರು ಹೇಳಿ

ಪ್ರಶ್ನೆ: ವಯಸ್ಸು 46, ತೂಕ 72 ಕಿಲೋ. ಮೂರು ತಿಂಗಳಿಂದ ಬೆಳಿಗ್ಗೆ ಒಂದು ಗಂಟೆ ಬಿರುಸಾಗಿ ನಡೆಯುತ್ತಿದ್ದೇನೆ. ದಿನಾ ವ್ಯಾಯಾಮ ಮಾಡುವವರ ದೇಹ ಊಟ ಅರಗಿಸುವುದಕ್ಕೇ ಜಾಸ್ತಿ ಕ್ಯಾಲೊರಿ ಸುಡುತ್ತದೆ, ಊಟ ಕಡಿಮೆ ಮಾಡುವುದೇ ಬೇಡ ಎಂದು ಜಿಮ್‌ನಲ್ಲಿ ಹೇಳಿದರು. ಹೌದೇ? ನಡಿಗೆ ಊಟಕ್ಕೆ ಮೊದಲೋ, ಆಮೇಲೋ?

ಡಯಟೀಷಿಯನ್ ಒಬ್ಬರು: ಮೊದಲು ಲೆಕ್ಕ ಹಾಕೋಣ ಸರ್. ತಿಂದದ್ದನ್ನು ಅರಗಿಸಿ, ಹೀರಿಕೊಂಡು, ಕೂಡಿಡಲು ದೇಹಕ್ಕೆ ತಗಲುವ ಖರ್ಚು ಮಾಮೂಲಿ ಊಟದಲ್ಲಿ ಸುಮಾರು ಶೇ 10. ಬಿಡಿಸಿ ಹೇಳಬೇಕೆಂದರೆ ಪ್ರೋಟೀನಿಗೆ ಶೇ 20ರಿಂದ 30, ಪಿಷ್ಟ ಮತ್ತು ಸಕ್ಕರೆಗೆ 5ರಿಂದ 10, ಕೊಬ್ಬಿಗೆ ಹೆಚ್ಚೆಂದರೆ 3. ದಿನಕ್ಕೆ 2000 ಕ್ಯಾಲೊರಿ ಉಂಡರೆ 200 ಹೀಗೆ ಹೋಗುತ್ತದೆ. ವ್ಯಾಯಾಮದಿಂದ ಅದು ಹತ್ತರಲ್ಲೊಂದು ಪಾಲು ಏರಿತು ಅಂತಲೇ ಇಟ್ಟುಕೊಳ್ಳಿ. ಸಿಕ್ಕಿದ್ದು 20 ಕ್ಯಾಲೊರಿ. ಒಗ್ಗರಣೆಗೆ ಅರ್ಧ ಟೀ ಚಮಚ ಎಣ್ಣೆ ಹೆಚ್ಚಿಗೆ ಬಿದ್ದರೆ ಅದೂ ಹೋಯಿತು.

ನಿಮ್ಮ ತೂಕಕ್ಕೆ ಒಂದು ಗಂಟೆಯ ಬಿರುಸು ನಡಿಗೆಯಲ್ಲಿ ಸುಮಾರು 290 ಕ್ಯಾಲೊರಿ ಖರ್ಚಾಗುತ್ತದೆ. ಸುಮ್ಮನೆ ಕೂತಿದ್ದರೂ ಆಗುತ್ತಿದ್ದ 70ನ್ನು ಕಳೆದರೆ 220. ಲಾಭ ಇರುವುದು ಇಲ್ಲಿ. ‘ಊಟ ಕಡಿಮೆ ಮಾಡುವುದೇ ಬೇಡ’ ಎಂಬ ಮಾತನ್ನು ದಯವಿಟ್ಟು ನಂಬಬೇಡಿ.

ವ್ಯಾಯಾಮ ಶರೀರಕ್ರಿಯಾಶಾಸ್ತ್ರದ ಬೋಧಕರು: ಮೇಡಂ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಏರುತ್ತದೆ ಎಂಬುದೇ ಖಚಿತವಿಲ್ಲ. ಪಳಗಿದ ಓಟಗಾರರನ್ನೂ ವ್ಯಾಯಾಮ ಮಾಡದವರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಕೆಲವು ಹೆಚ್ಚು ಎಂದವು, ಕೆಲವು ಕಡಿಮೆ ಎಂದವು, ಕೆಲವಕ್ಕೆ ವ್ಯತ್ಯಾಸವೇ ಕಾಣಲಿಲ್ಲ.

ಇದಕ್ಕೆ ಅಳತೆಯೇ ಒಂದು ಕಾರಣ. ರಾತ್ರಿಯಿಡೀ ಉಪವಾಸವಿದ್ದವರನ್ನು ಮಲಗಿಸಿ, ತಲೆಯ ಮೇಲೆ ಪಾರದರ್ಶಕ ಮುಸುಕು ಇಟ್ಟು, ಬಳಸಿದ ಆಮ್ಲಜನಕವನ್ನೂ ಬಿಟ್ಟ ಇಂಗಾಲದ ಡೈಆಕ್ಸೈಡನ್ನೂ ಅಳೆಯುತ್ತಾರೆ. ಆಮೇಲೆ ತೂಗಿದ ಊಟ ಕೊಟ್ಟು ಮತ್ತೆ ಅಳತೆ. 1949ರ ವೇರ್ ಸೂತ್ರದ ಪ್ರಕಾರ ಆಮ್ಲಜನಕದ ಲೀಟರುಗಳನ್ನು 3.9ರಿಂದ, ಇಂಗಾಲದ ಡೈಆಕ್ಸೈಡಿನ ಲೀಟರುಗಳನ್ನು 1.1ರಿಂದ ಗುಣಿಸಿ ಕೂಡಿದರೆ ಕ್ಯಾಲೊರಿ ಸಿಗುತ್ತದೆ. ದೊಡ್ಡ ಊಟದ ಏರಿಕೆ ಇಳಿಯಲು ಐದಾರು ಗಂಟೆ ಬೇಕು. ಮೂರು ಗಂಟೆಗೇ ನಿಲ್ಲಿಸಿದರೆ ಒಂದು ದೊಡ್ಡ ಪಾಲು ಲೆಕ್ಕಕ್ಕೇ ಬರುವುದಿಲ್ಲ. ಹಿಂದಿನ ಸಂಜೆ ಓಡಿದ್ದರೆ ಆ ಓಟದ ಉಳಿಕೆ ಖರ್ಚೂ ಬೆರೆಯಬಹುದು. ಬೆಳಿಗ್ಗೆ ಕಾಫಿ ಕುಡಿದಿದ್ದರೆ ಅದರ ಪರಿಣಾಮವೂ ಸೇರಬಹುದು.

ದೇಹದೊಳಗೂ ಎರಡು ಎಳೆತಗಳಿವೆ. ಇನ್ಸುಲಿನ್‌ಗೆ ಸ್ನಾಯು ಸರಿಯಾಗಿ ಓಗೊಡದವರಲ್ಲಿ ಊಟದ ನಂತರದ ಶಾಖ, ಅಂದರೆ ಈ ಜೀರ್ಣದ ಖರ್ಚು, ತಗ್ಗಿರುತ್ತದೆ. ವ್ಯಾಯಾಮ ಆ ಓಗೊಡುವಿಕೆಯನ್ನು ಸುಧಾರಿಸುವುದರಿಂದ ಖರ್ಚು ಏರಬಹುದು. ಆದರೆ ನಡೆದು, ಓಡಿ ಸ್ನಾಯುವಿನ ಗ್ಲೈಕೋಜನ್ (ಸ್ನಾಯು ಕೂಡಿಟ್ಟುಕೊಂಡ ಗ್ಲೂಕೋಸು) ಖಾಲಿಯಾಗಿದ್ದರೆ ಅನ್ನ, ಮುದ್ದೆಯ ಗ್ಲೂಕೋಸು ನೇರ ಅಲ್ಲಿಗೇ ಹೋಗಿ ತುಂಬುತ್ತದೆ. ಹಾಗೆ ತುಂಬಿಡಲು ತಗಲುವ ಖರ್ಚು ಶೇ 5ರ ಆಸುಪಾಸು. ಅದೇ ಗ್ಲೂಕೋಸನ್ನು ಕೊಬ್ಬಾಗಿ ಮಾರ್ಪಡಿಸಲು ಕಾಲು ಭಾಗದಷ್ಟು ಖರ್ಚು. ಅಂದರೆ ಪಳಗಿದ ದೇಹದಲ್ಲಿ ಈ ಖರ್ಚು ಕಡಿಮೆ ಕಂಡರೆ ಅದು ಒಳ್ಳೆಯದರ ಗುರುತೂ ಆಗಿರಬಹುದು. ಇದನ್ನು ಜಿಮ್‌ಗಳಲ್ಲಿ ಯಾರೂ ಹೇಳುವುದಿಲ್ಲ, ಹೇಳಬೇಕು.

ಪ್ರಶ್ನೆ ಕೇಳಿದವರು: ಹಾಗಾದರೆ ಊಟದ ನಂತರ ನಡೆಯುವುದರಿಂದ ಉಪಯೋಗವಿಲ್ಲವೇ? ಕೈಗಡಿಯಾರದಲ್ಲಿ ಊಟವಾದ ಮೇಲೆ ಕ್ಯಾಲೊರಿ ಏರುವುದು ಕಾಣುತ್ತದಲ್ಲ?

ಫಿಸಿಯೋಥೆರಪಿಸ್ಟ್: ಗಡಿಯಾರ ಜೀರ್ಣದ ಖರ್ಚನ್ನು ಅಳೆಯುವುದಿಲ್ಲ. ಊಟವಾದ ಮೇಲೆ ನಾಡಿ ಬಡಿತ ತಾನಾಗಿ ಏರುತ್ತದೆ, ಅದನ್ನು ಗಡಿಯಾರ ಶ್ರಮವೆಂದು ತಿಳಿಯಬಹುದು. ಆ ಅಂಕಿ ನೋಡಿ ಇನ್ನೊಂದು ಹೋಳಿಗೆ ಬಡಿಸಿಕೊಳ್ಳಬೇಡಿ.

ಊಟದ ನಂತರದ ನಡಿಗೆಗೆ ಉಪಯೋಗ ಖಂಡಿತ ಇದೆ, ಅದು ಸಕ್ಕರೆಯ ವಿಷಯದಲ್ಲಿ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೈಪ್ 2 ಮಧುಮೇಹವಿದ್ದ 41 ಮಂದಿ ದಿನಕ್ಕೊಮ್ಮೆ 30 ನಿಮಿಷ ನಡೆದುದಕ್ಕಿಂತ ಮೂರು ಊಟದ ನಂತರ 10 ನಿಮಿಷದಂತೆ ನಡೆದಾಗ ಊಟದ ನಂತರದ ಸಕ್ಕರೆ ಶೇ 12 ಕಡಿಮೆ ಇತ್ತು. ರಾತ್ರಿ ಊಟದ ನಂತರ ಶೇ 22. ಉಂಡು ನೂರು ಹೆಜ್ಜೆ ಹಾಕುವ ರೂಢಿ ಸರಿಯಾದದ್ದೇ, ಆದರೆ ನೂರು ಹೆಜ್ಜೆ ಒಂದು ನಿಮಿಷಕ್ಕೇ ಮುಗಿಯುತ್ತದೆ. ಸಾವಿರ ಹಾಕಿ. ಕೈ ತೊಳೆದು ಹತ್ತು ಹದಿನೈದು ನಿಮಿಷದೊಳಗೆ ಹೊರಡಿ, ಮಾತಾಡಿಕೊಂಡು ನಡೆಯುವಷ್ಟು ವೇಗ ಸಾಕು. ಓಟ, ಭಾರ ಎತ್ತುವುದು, ಬಗ್ಗಿ ಮಾಡುವ ವ್ಯಾಯಾಮಗಳಿಗೆ ಹೊಟ್ಟೆ ತುಂಬ ಉಂಡ ಮೇಲೆ ಎರಡು ಮೂರು ಗಂಟೆ ಬಿಡಿ, ಇಲ್ಲದಿದ್ದರೆ ಹುಳಿತೇಗು, ಎದೆಯುರಿ ಬರುತ್ತದೆ.

ಬೆಳಗಿನ ನಡಿಗೆಯನ್ನು ಬಿಡಬೇಡಿ. ಒಂದು ಸಲದ ವ್ಯಾಯಾಮದಿಂದ ಇನ್ಸುಲಿನ್ ಚುರುಕಾಗಿರುವುದು ಒಂದೆರಡು ದಿನ ಮಾತ್ರ, ಹಾಗಾಗಿ ಸತತ ಎರಡು ದಿನಕ್ಕಿಂತ ಹೆಚ್ಚು ತಪ್ಪಿಸಬಾರದು. ವಾರಕ್ಕೆರಡು ದಿನ ಬಸ್ಕಿ, ಗೋಡೆಗೆ ಕೈಯೂರಿ ದಂಡ, ಭಾರ ಎತ್ತುವುದು ಸೇರಿಸಿ. ಒಂದು ಕಿಲೋ ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಸುಡುವುದು ಸುಮಾರು 13 ಕ್ಯಾಲೊರಿ ಅಷ್ಟೇ, ಆದರೆ ಊಟದ ಸಕ್ಕರೆಯನ್ನು ಇಳಿಸಿಕೊಳ್ಳುವ ದೊಡ್ಡ ಉಗ್ರಾಣ ಅದೇ.

ಡಯಟೀಷಿಯನ್: ಪ್ರೋಟೀನಿನ ಶೇ 20–30 ಓದಿ ಪೌಡರ್ ಡಬ್ಬಿ ಕೊಳ್ಳಲು ಓಡಬೇಡಿ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 320 ಕ್ಯಾಲೊರಿ, 7 ಗ್ರಾಂ ಪ್ರೋಟೀನ್. ಹಿಟ್ಟು 75 ಗ್ರಾಮಿಗೆ ಇಳಿಸಿ, ಸಾರಿಗೆ ತಲೆಗೆ 40 ಗ್ರಾಂ ಹುರುಳಿಕಾಳು ಹಾಕಿದರೆ ಕಾಳಿನಿಂದಲೇ ಸುಮಾರು 9 ಗ್ರಾಂ ಬರುತ್ತದೆ. ಬಸಿದ ಕಟ್ಟನ್ನಷ್ಟೇ ಉಂಡು ಕಾಳು ಬಿಟ್ಟರೆ ಪ್ರೋಟೀನಿನ ಹೆಚ್ಚಿನ ಪಾಲು ಕಾಳಿನಲ್ಲೇ ಉಳಿಯುತ್ತದೆ. ಈ ಬದಲಾವಣೆಯಿಂದ ಜೀರ್ಣದ ಖರ್ಚು ಏರುವುದು ಬೆರಳೆಣಿಕೆಯ ಕ್ಯಾಲೊರಿ ಮಾತ್ರ. ಆದರೆ ಹೊಟ್ಟೆ ತುಂಬಿದಂತಿರುತ್ತದೆ, ಸಂಜೆ ನಾಲ್ಕಕ್ಕೆ ಖಾರ ಬೂಂದಿಗೆ ಕೈ ಹೋಗುವುದು ತಪ್ಪುತ್ತದೆ.

ವೈದ್ಯರೊಬ್ಬರು: ಇದನ್ನು ಓದುವ ಮಧುಮೇಹಿಗಳಿಗೆ ಒಂದು ಮಾತು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮ ಹೆಚ್ಚಿಸುವ ಮೊದಲು ನಿಮ್ಮ ಡಾಕ್ಟರಿಗೆ ತಿಳಿಸಿ, ಪ್ರಮಾಣ ಬದಲಿಸಬೇಕಾಗಬಹುದು. ನಡೆಯುವಾಗ ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಕೈ ನಡುಗಿ ಬೆವರಿದರೆ 15 ಗ್ರಾಂ ತಿಂದು ಕೂತು, 15 ನಿಮಿಷ ಬಿಟ್ಟು ರಕ್ತದ ಸಕ್ಕರೆ ಪರೀಕ್ಷಿಸಿ. ಉಂಡ ಮೇಲೆ ತಲೆಸುತ್ತು ಬರುವ ವಯಸ್ಸಾದವರು ಒಬ್ಬರೇ ಹೊರಡಬೇಡಿ. ಉಂಡು ನಡೆದಾಗ ಎದೆ ಹಿಡಿದಂತಾದರೆ ಗ್ಯಾಸ್ ಎಂದು ಸುಮ್ಮನಾಗದೆ ಕೂಡಲೇ ಆಸ್ಪತ್ರೆಗೆ ಹೋಗಿ.