ಬಿಯರ್‌ನಲ್ಲಿ ಬಾಳೆಹಣ್ಣಿನ ವಾಸನೆ. ಕೆಟ್ಟಿತ್ತಾ, ನಮಗೇ ಗೊತ್ತಾಗಲಿಲ್ವಾ?

ವಿಜಯನಗರದವನು:
ಶುಕ್ರವಾರ ಆಫೀಸ್ ಮುಗಿಸಿ ನಾವು ಐದು ಜನ ಇಂದಿರಾನಗರದ ಒಂದು ಬ್ರೂವರಿಗೆ ಹೋಗಿದ್ದೆವು. ಹೆಸರು ಬೇಡ, ಊರಲ್ಲಿ ಇನ್ನೂ ಎರಡು ಮೂರು ಕಡೆ ಇದೆ. ಗಾಜಿನ ಹಿಂದೆ ದೊಡ್ಡ ದೊಡ್ಡ ಟ್ಯಾಂಕ್, ಮಾತು ಕೇಳಿಸದಷ್ಟು ಹಾಡಿನ ಸದ್ದು. ನಾನು ಬಾಟಲಿ ಬಿಯರ್ ಬಿಟ್ಟು ಬೇರೆ ಕುಡಿದವನಲ್ಲ. ಗೆಳೆಯನ ಮಾತು ಕೇಳಿ ಹೆಫೆವೈಜನ್ ಅನ್ನೋ ಬಿಯರ್ ಹೇಳಿದೆ.

ಮಜ್ಜಿಗೆಗೆ ಚಿಟಿಕೆ ಅರಿಶಿನ ಹಾಕಿದಂಥ ಮಬ್ಬು ಬಣ್ಣ. ಮೂಗಿನ ಹತ್ತಿರ ತಂದರೆ, ಊಟದ ಡಬ್ಬಿಯಲ್ಲಿ ಮರೆತುಹೋದ ಪಚ್ಚಬಾಳೆ! ಒಂದು ಗುಟುಕು ಕುಡಿದೆ. ಪಲಾವ್ ತಿನ್ನುವಾಗ ಲವಂಗ ಕಚ್ಚಿದ ಹಾಗಾಯಿತು. ಗೆಳೆಯನೂ ಮೂಸಿ ನೋಡಿ 'ಮಗಾ, ಇದು ಹೋಗಿದೆ' ಅಂದ. ವೇಟರ್ 'ಇದು ಹೀಗೇ ಇರೋದು ಸಾರ್' ಅಂತ ಎರಡು ಸಲ ಹೇಳಿದ. ನಾವು ಐದು ಜನ, ಅವನು ಒಬ್ಬ. ಕೊನೆಗೆ ಅದರ ಬದಲು ಲಾಗರ್, ಅಂದರೆ ಮಾಮೂಲಿ ಬಾಟಲಿ ಬಿಯರ್ ಥರದ್ದು, ತಂದುಕೊಟ್ಟ.

ಬಿಲ್ ನೋಡಿದರೆ ಎರಡೂ ಬಿಯರ್ ಇದೆ. ಜೊತೆಗೆ 10% ಸರ್ವಿಸ್ ಚಾರ್ಜ್. ಕೊನೇ ಮೆಟ್ರೋ ತಪ್ಪುತ್ತೆ ಅಂತ ಸುಮ್ನೆ ಕೊಟ್ಟು ಬಂದೆವು. ಇದು ಸರಿನಾ?

ನೊರೆಪ್ರಿಯ:
ವೇಟರ್ ಹೇಳಿದ್ದೇ ಸರಿ ಗುರೂ. ಹೆಫೆವೈಜನ್ ಜರ್ಮನಿಯ ಗೋಧಿ ಬಿಯರ್. ಅದರ ಯೀಸ್ಟೇ ಹುದುಗುವಾಗ ಆ ಬಾಳೆಹಣ್ಣಿನ ವಾಸನೆ ಬಿಡುತ್ತೆ, ಲವಂಗದ್ದೂ ಅದರದೇ ಕೆಲಸ. ಬಾಳೆಹಣ್ಣನ್ನು ಯಾರೂ ಹಾಕಿರಲ್ಲ. ಸೋಸದೆ ಕೊಡುತ್ತಾರೆ, ಅದಕ್ಕೇ ಮಬ್ಬು. ನಿಜವಾಗಲೂ ಕೆಟ್ಟಿದ್ದರೆ ವಿನೆಗರ್ ಹುಳಿ ಬರುತ್ತೆ, ಇಲ್ಲಾ ಒದ್ದೆ ರಟ್ಟಿನ ವಾಸನೆ. ಮೊದಲ ಸಲ ಹೋದಾಗ ಸ್ಯಾಂಪ್ಲರ್ ಕೇಳಿ, ಚಿಕ್ಕ ಚಿಕ್ಕ ಲೋಟದಲ್ಲಿ ನಾಲ್ಕೈದು ಬಗೆ ಬರುತ್ತೆ.

ಬಿಲ್ ಓದುವವಳು:
ಬಿಯರ್ ದುಡ್ಡು ಮರೆತುಬಿಡಿ. ಸರ್ವಿಸ್ ಚಾರ್ಜ್ ಮಾತ್ರ ಬಿಡಬೇಡಿ. ಕೇಳದೆ ಅದನ್ನು ಬಿಲ್‌ಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. 'ಇದನ್ನ ತೆಗೀರಿ' ಅಂದರೆ ತೆಗೆಯಬೇಕು. ತೆಗೆಯಲ್ಲ ಅಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಇನ್ನೊಂದು, ಜಿಎಸ್‌ಟಿ ಊಟಕ್ಕೆ ಮಾತ್ರ, ಬಿಯರ್‌ಗೆ ಇಲ್ಲ. ಬಿಲ್‌ನಲ್ಲಿ ಎರಡನ್ನೂ ಬೇರೆ ಬೇರೆ ತೋರಿಸಿದ್ದಾರಾ ನೋಡಿ.

ಸುಮ್ನೆ ಬಂದೆ:
ಐದು ಜನ ಸೇರಿ ಒಳ್ಳೇ ಬಿಯರ್ ವಾಪಸ್ ಕಳಿಸಿದ್ದೀರಲ್ಲ, ಅಯ್ಯೋ.

ವಿಜಯನಗರದವನು:
ಬಿಲ್ ಫೋಟೋ ತೆಗೆದು ನೋಡಿದೆ. ಜಿಎಸ್‌ಟಿ ಊಟದ ಮೇಲಷ್ಟೇ ಇದೆ, 5%. ಸರ್ವಿಸ್ ಚಾರ್ಜ್ ಮಾತ್ರ ಬಿಯರ್ ಸೇರಿಸಿ ಹಾಕಿದ್ದಾರೆ. ಅಂದರೆ ನಾವು ವಾಪಸ್ ಕಳಿಸಿದ ಲೋಟಕ್ಕೂ ಸೇವೆಯ ದುಡ್ಡು ಕೊಟ್ಟಿದ್ದೇವೆ! ಆ ವೇಟರ್‌ಗೆ ಮಾತ್ರ ಟಿಪ್ಸ್ ಕೊಡದೆ ಬಂದೆವು, ಅದು ಈಗ ಬೇಜಾರು. 'ಹೋಗಿದೆ' ಅಂದವನಿಗೆ ಈ ಚರ್ಚೆಯ ಲಿಂಕ್ ಕಳಿಸಿದ್ದೇನೆ. ಓದಿದ್ದಾನೆ, ಉತ್ತರ ಇಲ್ಲ.