ಅಪ್‌ಡೇಟ್: ತೋಡಿನ (ಸಣ್ಣ ತೊರೆಯ) ಮೇಲೆ ಪಿಎಚ್‌ಡಿ, ದಾರಿ ಸಿಕ್ಕಿತು

ಹೋದ ವಾರ ಕೇಳಿದ್ದೆನಲ್ಲ, ಕೆಟ್ಟುಹೋದ ತೊರೆಗಳನ್ನು ಸರಿಪಡಿಸುವ ವಿಷಯದಲ್ಲಿ ಪಿಎಚ್‌ಡಿ ಎಲ್ಲಿ ಮಾಡಬಹುದು ಅಂತ. ಅದೇ ಹೆಸರಿನ ವಿಭಾಗ ಹುಡುಕಿ ಅಂದವರ ಮಾತು ಕೇಳಿ ಮೂರು ದಿನ ಸುಮ್ನೆ ಹಾಳು. ಫಲ ಕೊಟ್ಟದ್ದು ‘ವಿಭಾಗ ಬಿಡಿ, ಗೈಡ್ ಹುಡುಕಿ’ ಅನ್ನುವ ಸಲಹೆ. ಸಿಹಿನೀರಿನ ಹುಳಗಳ ಮೇಲೆ ಕೆಲಸ ಮಾಡುವ ಮೇಡಂ ಒಬ್ಬರಿಗೆ ಒಂದು ಪುಟ ಬರೆದೆ, ನಮ್ಮ ಅಡಿಕೆ ತೋಟದ ಪಕ್ಕದ ತೋಡಿನಲ್ಲಿ ಕಲ್ಲು ಮಗುಚಿದಾಗ ಅಡಿಯಲ್ಲಿ ಅಂಟಿಕೊಂಡಿದ್ದ ಮೂರು ಬಾಲದ ಮರಿಗಳ ಫೋಟೋ ಸಮೇತ. ಅವು ಮೇಫ್ಲೈ ಅನ್ನುವ ಹುಳದ ಮರಿಗಳಂತೆ, ನೀರು ಕೆಟ್ಟರೆ ಬೇಗ ಮಾಯವಾಗುತ್ತವಂತೆ! ಮರುದಿನವೇ ಉತ್ತರ: ಅರ್ಜಿ ಹಾಕಿ.

ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ. ಸಿಗದಿದ್ದರೂ 2024ರಿಂದ ಅದಕ್ಕೆ ಬರೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅಂತ ಬೇರೆ ಪಟ್ಟಿ ಇದೆ, ಆ ಅಂಕ ಒಂದೇ ವರ್ಷ ನಡೆಯುತ್ತದೆ, ನೆನಪಿರಲಿ.

ಸದ್ಯ ತೋಡಿಗೆ ಅಡ್ಡ ಹಾಕಿದ ಕಟ್ಟದ ಮೇಲೂ ಕೆಳಗೂ ಹುಳ ಎಣಿಸುತ್ತಿದ್ದೇನೆ. ಅಪ್ಪನಿಗೆ ನಗು.